ಡ್ಯೂಟಿ ಮುಗಿದ ಮೇಲೂ ಬಾಯಿಗೆ ಬೀಗವೇ?

2019ರ ಆಗಸ್ಟ್. ಚೀನಾಕ್ಕೆ ಸೇರಿದ ಹಾಂಗ್‌ಕಾಂಗ್‌ನಲ್ಲಿ ಸರ್ಕಾರದ ವಿರುದ್ಧ ಪ್ರತಿಭಟನೆ ಜೋರಾಗಿತ್ತು. ಅಲ್ಲಿನ ಕ್ಯಾಥೆ ಪೆಸಿಫಿಕ್ ವಿಮಾನ ಕಂಪನಿಯ ನೌಕರರೂ ಅದರಲ್ಲಿ ಸೇರಿಕೊಂಡಿದ್ದರು. 7ನೇ ತಾರೀಕು ಪತ್ರಕರ್ತರು ಕಂಪನಿಯ ಅಧ್ಯಕ್ಷ ಜಾನ್ ಸ್ಲೋಸರ್ ಅವರನ್ನು ಇದರ ಬಗ್ಗೆ ಕೇಳಿದರು. ನೌಕರರು ಏನು ಯೋಚಿಸಬೇಕು ಎಂದು ನಾವು ಹೇಳಿಕೊಡುವ ಮಾತೇ ಇಲ್ಲ ಎಂಬ ಅರ್ಥದಲ್ಲಿ ಅವರು ಉತ್ತರ ಕೊಟ್ಟರು. ಎರಡೇ ದಿನಕ್ಕೆ ಚೀನಾದ ವಿಮಾನಯಾನ ಇಲಾಖೆಯ ಆದೇಶ ಬಂತು. ಕಾನೂನುಬಾಹಿರ ಪ್ರತಿಭಟನೆಯಲ್ಲಿ ಪಾಲ್ಗೊಂಡ ಅಥವಾ ಅದನ್ನು ಬೆಂಬಲಿಸಿದ ಸಿಬ್ಬಂದಿಯನ್ನು ಚೀನಾಕ್ಕೆ ಹೋಗುವ ವಿಮಾನಗಳಲ್ಲಿ ಡ್ಯೂಟಿಗೆ ಹಾಕುವಂತಿಲ್ಲ. 16ರಂದು ಕಂಪನಿಯ ಸಿಇಒ ರೂಪರ್ಟ್ ಹಾಗ್ ರಾಜೀನಾಮೆ ಕೊಟ್ಟರು. ತಿಂಗಳು ಮುಗಿಯುವಷ್ಟರಲ್ಲಿ ಅದರ ಅಂಗಸಂಸ್ಥೆಯ ಗಗನಸಖಿಯರ ಸಂಘದ ಮುಖ್ಯಸ್ಥೆ ಕೆಲಸ ಕಳೆದುಕೊಂಡಿದ್ದರು. ತನ್ನ ಫೇಸ್‌ಬುಕ್ ಪೋಸ್ಟ್‌ಗಳ ಪ್ರಿಂಟ್ ತೋರಿಸಿ ಮನೆಗೆ ಕಳಿಸಿದರು ಎಂದು ಆಕೆ ಹೇಳಿದರು.

ಅಧ್ಯಕ್ಷರು 7ರಂದು ಆಡಿದ ಮಾತು ನಾಟಕ ಅಂತ ನನಗೆ ಅನ್ನಿಸುವುದಿಲ್ಲ. ಅವತ್ತು ಕಂಪನಿಗೆ ನೌಕರರ ಅಭಿಪ್ರಾಯದಿಂದ ಯಾವ ತೊಂದರೆಯೂ ಇರಲಿಲ್ಲ. ವಿಮಾನಗಳು ಹಾರುತ್ತಿದ್ದವು, ಸಿಬ್ಬಂದಿ ತಮ್ಮ ಕೆಲಸ ಮಾಡುತ್ತಿದ್ದರು. ತೊಂದರೆ ಹೊರಗಿನಿಂದ ಬಂತು. ಬಂದ ಮೇಲೆ ಅದೇ ಕಂಪನಿಯ ಹಿತದ ಪ್ರಶ್ನೆಯಾಗಿಬಿಟ್ಟಿತು. ಚೀನಾದ ಮಾರ್ಗಗಳು ಕೈತಪ್ಪಿದರೆ ಆ ಕಂಪನಿಗೆ ಉಸಿರಾಡುವುದೇ ಕಷ್ಟ. ಹಾಗಾಗಿ ನಷ್ಟದ ಭಯ ನಿಜವಾದದ್ದೇ. ಆದರೆ ಆ ಭಯವನ್ನು ಹುಟ್ಟಿಸಿದ್ದು ನೌಕರರ ಪೋಸ್ಟೇ, ಅಥವಾ ಆ ಪೋಸ್ಟ್ ಇಷ್ಟವಾಗದ ಬಲಿಷ್ಠರ ಬೆದರಿಕೆಯೇ?

ಕೆಲಸದ ಹೊರಗೆ ಆಡಿದ ಮಾತಿಗೆ ಕೆಲಸ ಹೋಗುವ ಪ್ರತಿ ಪ್ರಕರಣದಲ್ಲೂ ಮೊದಲು ಕೇಳಬೇಕಾದ ಪ್ರಶ್ನೆ ಇದೇ ಅಂತ ನಾನು ನಂಬಿದ್ದೇನೆ. ಕಂಪನಿಗೆ ತನ್ನ ಹಿತ ಕಾಯುವ ಹಕ್ಕಿದೆ. ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಆ ಹಿತಕ್ಕೆ ಪೆಟ್ಟು ಬಿತ್ತೇ ಇಲ್ಲವೇ ಎಂದು ಅಳೆಯುವ ಅಳತೆಗೋಲು ಆಡಿದ ಮಾತಿಗೂ ಮಾಡುವ ಕೆಲಸಕ್ಕೂ ಇರುವ ನಂಟಾಗಿರಬೇಕು. ಹೊರಗಿನವರು ಎಷ್ಟು ಸಿಟ್ಟಾದರು, ಎಷ್ಟು ಫೋನ್ ಬಂತು, ಎಷ್ಟು ಇಮೇಲ್ ಬಂತು ಎಂಬುದು ಅಳತೆಗೋಲಾದರೆ, ಯಾರ ಬಾಯಿ ಮುಚ್ಚಿಸುವುದೂ ಬಹಳ ಸುಲಭ.

ಹಕ್ಕು ಇರುವುದು ಯಾರ ವಿರುದ್ಧ?

'ವಾಕ್ ಸ್ವಾತಂತ್ರ್ಯ ಇದೆಯಲ್ಲ, ನನ್ನನ್ನು ಹೇಗೆ ತೆಗೀತಾರೆ?' ಅಂತ ಹಲವರು ಕೇಳುತ್ತಾರೆ. ಉತ್ತರ ಬೇಸರ ತರುವಂಥದ್ದು. ಹೆಚ್ಚಿನ ದೇಶಗಳಲ್ಲಿ ಆ ಹಕ್ಕು ಮುಖ್ಯವಾಗಿ ಇರುವುದು ಸರ್ಕಾರದ ವಿರುದ್ಧ. ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿ ಸರ್ಕಾರದ ಕೈ ಕಟ್ಟುತ್ತದೆ, ಖಾಸಗಿ ಕಂಪನಿಯ ಕೈ ಕಟ್ಟುವುದಿಲ್ಲ. ಅಲ್ಲಿ ಬಹುತೇಕ ಖಾಸಗಿ ನೌಕರರನ್ನು ಯಾವ ಕಾರಣಕ್ಕಾದರೂ, ಕಾರಣವೇ ಹೇಳದೆಯೂ ತೆಗೆದುಹಾಕಬಹುದು. ಜನಾಂಗ, ಧರ್ಮ, ಲಿಂಗದಂಥ ಕೆಲವು ಕಾರಣಗಳಿಗೆ ಮಾತ್ರ ಕಾನೂನು ಅಡ್ಡ ಬರುತ್ತದೆ. ಹೆಚ್ಚಿನ ರಾಜ್ಯಗಳಲ್ಲಿ ಆ ಪಟ್ಟಿಯಲ್ಲಿ ರಾಜಕೀಯ ಅಭಿಪ್ರಾಯ ಇಲ್ಲ.

ಸರ್ಕಾರಿ ನೌಕರರಿಗೂ ಒಂದು ಕಾಲದಲ್ಲಿ ಹೀಗೇ ಇತ್ತು. 1892ರಲ್ಲಿ ಮ್ಯಾಸಚೂಸೆಟ್ಸ್‌ನ ಪೊಲೀಸ್ ಪೇದೆಯೊಬ್ಬನ ಪ್ರಕರಣ ಬಂದಾಗ ನ್ಯಾಯಮೂರ್ತಿ ಆಲಿವರ್ ವೆಂಡೆಲ್ ಹೋಮ್ಸ್ ಕೊಟ್ಟ ತೀರ್ಪು ಪ್ರಸಿದ್ಧ. ರಾಜಕೀಯ ಮಾತಾಡುವ ಹಕ್ಕು ಆತನಿಗೆ ಇರಬಹುದು, ಪೊಲೀಸ್ ಆಗಿರುವ ಹಕ್ಕು ಮಾತ್ರ ಇಲ್ಲ ಎಂದರು. ಸುಮಾರು ಮುಕ್ಕಾಲು ಶತಮಾನ ಈ ವಾದವೇ ನಡೆಯಿತು. 1968ರ ಪಿಕರಿಂಗ್ ತೀರ್ಪು ಅದನ್ನು ಬದಲಿಸಿತು. ಶಾಲಾ ಮಂಡಳಿ ಪಾಠಕ್ಕಿಂತ ಕ್ರೀಡೆಗೆ ಜಾಸ್ತಿ ದುಡ್ಡು ಸುರಿಯುತ್ತಿದೆ ಎಂದು ಶಿಕ್ಷಕರೊಬ್ಬರು ಪತ್ರಿಕೆಗೆ ಪತ್ರ ಬರೆದಿದ್ದರು. ಮಂಡಳಿ ಅವರನ್ನು ವಜಾ ಮಾಡಿತು. ಸುಪ್ರೀಂ ಕೋರ್ಟ್ ಶಿಕ್ಷಕರ ಪರ ನಿಂತಿತು. ಸಾರ್ವಜನಿಕ ವಿಷಯದ ಬಗ್ಗೆ ನಾಗರಿಕನಾಗಿ ಮಾತಾಡುವ ಹಕ್ಕನ್ನೂ, ಸಂಸ್ಥೆ ಸುಸೂತ್ರವಾಗಿ ನಡೆಯಬೇಕಾದ ಅಗತ್ಯವನ್ನೂ ತೂಗಿ ನೋಡಬೇಕು ಎಂದಿತು. ಆ ಶಿಕ್ಷಕರ ಪತ್ರದಲ್ಲಿ ಕೆಲವು ಲೆಕ್ಕಗಳು ತಪ್ಪಾಗಿದ್ದವು. ಬೇಕಂತಲೇ ಸುಳ್ಳು ಬರೆದಿಲ್ಲದ ಕಾರಣ ಅಷ್ಟಕ್ಕೇ ಕೆಲಸ ಹೋಗಬಾರದು ಎಂದೂ ಕೋರ್ಟ್ ಹೇಳಿತು.

ಭಾರತದ ಸುಪ್ರೀಂ ಕೋರ್ಟ್ ಇದಕ್ಕೂ ಮೊದಲೇ, 1962ರಲ್ಲಿ, ಕಾಮೇಶ್ವರ ಪ್ರಸಾದ್ ಪ್ರಕರಣದಲ್ಲಿ ಸರ್ಕಾರಿ ಕೆಲಸಕ್ಕೆ ಸೇರಿದ ಮಾತ್ರಕ್ಕೆ ಮೂಲಭೂತ ಹಕ್ಕು ಕಳೆದುಹೋಗುವುದಿಲ್ಲ ಎಂದಿತ್ತು. ಎಲ್ಲ ಬಗೆಯ ಮೆರವಣಿಗೆ, ಪ್ರದರ್ಶನಗಳನ್ನು ನಿಷೇಧಿಸಿದ್ದ ಬಿಹಾರದ ಸೇವಾ ನಿಯಮದ ಆ ಭಾಗವನ್ನು ರದ್ದು ಮಾಡಿತ್ತು. 2020ರಲ್ಲಿ ತ್ರಿಪುರಾ ಹೈಕೋರ್ಟ್ ಫೇಸ್‌ಬುಕ್ ಪೋಸ್ಟ್‌ನ ಪ್ರಕರಣವೊಂದರಲ್ಲಿ ಇದೇ ದಾರಿಯಲ್ಲಿ ನಡೆಯಿತು. ಆದರೂ ಸರ್ಕಾರದ ನೀತಿಯನ್ನು ಟೀಕಿಸಬಾರದು ಎನ್ನುವ ನಡತೆ ನಿಯಮಗಳು ಪುಸ್ತಕದಲ್ಲಿ ಹಾಗೇ ಇವೆ. ಖಾಸಗಿ ಕಂಪನಿಯ ನೌಕರನಿಗೆ ಆಸರೆ ಇನ್ನೂ ಕಡಿಮೆ. ನೇಮಕಾತಿ ಪತ್ರ, ಕಂಪನಿಯ ನಿಯಮ, ಕಾರ್ಮಿಕ ಕಾನೂನು, ಇವಿಷ್ಟೇ.

ಕೆಲವು ಕಡೆ ಕಾನೂನು ಈ ಖಾಲಿ ಜಾಗವನ್ನು ಅಲ್ಲಲ್ಲಿ ತುಂಬಿದೆ. ಕ್ಯಾಲಿಫೋರ್ನಿಯಾದಲ್ಲಿ ನೌಕರರ ರಾಜಕೀಯ ಚಟುವಟಿಕೆಯನ್ನು ಮಾಲೀಕರು ನಿಯಂತ್ರಿಸುವಂತಿಲ್ಲ. ಕನೆಕ್ಟಿಕಟ್‌ನಲ್ಲಿ ಖಾಸಗಿ ನೌಕರರ ಅಭಿವ್ಯಕ್ತಿಗೂ ರಕ್ಷಣೆ ಇದೆ. ನ್ಯೂಯಾರ್ಕ್‌ನಲ್ಲಿ ಕೆಲಸದ ಅವಧಿಯ ಹೊರಗಿನ ರಾಜಕೀಯ ಚಟುವಟಿಕೆಗೆ ಕಾನೂನಿನ ಕಾವಲು ಇದೆ. ಫ್ರಾನ್ಸ್ ಇನ್ನೂ ಮುಂದೆ ಹೋಗಿದೆ. ಅಲ್ಲಿ ಟೈರ್ ಕಾರ್ಖಾನೆಯ ಕಾರ್ಮಿಕನೊಬ್ಬ ರಾತ್ರಿ ಪಾಳಿಯ ಕಷ್ಟವನ್ನು ದಿನಪತ್ರಿಕೆಯೊಂದಕ್ಕೆ ಹೇಳಿಕೊಂಡು ಕೆಲಸ ಕಳೆದುಕೊಂಡಿದ್ದ. 1988ರಲ್ಲಿ ದೇಶದ ಅತ್ಯುನ್ನತ ನ್ಯಾಯಾಲಯ ಆ ವಜಾ ಅಸಿಂಧು ಎಂದಿತು. ಅಲ್ಲಿನ ಕಾರ್ಮಿಕ ಸಂಹಿತೆಯ ಪ್ರಕಾರ ನೌಕರನ ಸ್ವಾತಂತ್ರ್ಯಕ್ಕೆ ಹಾಕುವ ಮಿತಿ ಮಾಡುವ ಕೆಲಸದ ಸ್ವರೂಪಕ್ಕೆ ಹೊಂದಬೇಕು, ಅಗತ್ಯಕ್ಕಿಂತ ಜಾಸ್ತಿ ಇರಬಾರದು. ಎಷ್ಟು ಸರಳ ಮಾತು, ಅಲ್ವಾ? ಜಗತ್ತಿನ ಅರ್ಧದಷ್ಟು ಜಗಳ ಈ ಒಂದು ಸಾಲಿನಿಂದ ಬಗೆಹರಿಯಬಹುದಿತ್ತು.

ಕಂಪನಿಯ ಕಡೆಗೂ ನ್ಯಾಯವಿದೆ

ಮಾಲೀಕರ ವಾದವನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಕಂಪನಿಯ ಗುಟ್ಟನ್ನು ಹೊರಹಾಕುವುದು, ಕಂಪನಿಯ ಪರವಾಗಿ ಮಾತಾಡುತ್ತಿದ್ದೇನೆ ಎಂಬಂತೆ ತೋರಿಸಿಕೊಳ್ಳುವುದು, ಜೊತೆಯಲ್ಲಿ ಕೆಲಸ ಮಾಡುವವರನ್ನು ಹೆಸರು ಹಿಡಿದು ಹೀಯಾಳಿಸುವುದು, ಇವನ್ನು ಕಂಪನಿ ಸಹಿಸಬೇಕಿಲ್ಲ. ಇದರ ಬಗ್ಗೆ ಹೆಚ್ಚು ಚರ್ಚೆಯೂ ಬೇಡ. ಸಹೋದ್ಯೋಗಿಯನ್ನು ಭಾನುವಾರ ಮೊಬೈಲ್‌ನಲ್ಲಿ ಹಿಂಸಿಸಿದರೂ ಸೋಮವಾರ ಅವರಿಬ್ಬರೂ ಒಂದೇ ಮೇಜಿನ ಮುಂದೆ ಕೂರಬೇಕಲ್ಲ.

ಕಷ್ಟ ಇರುವುದು ಇನ್ನೊಂದು ಕಡೆ. ಎಲ್ಲರನ್ನೂ ಸಮನಾಗಿ ನೋಡಬೇಕಾದ ಕೆಲಸಗಳಿವೆ. ಪೊಲೀಸ್, ನರ್ಸ್, ಶಿಕ್ಷಕ, ನ್ಯಾಯಾಧೀಶ. ಒಂದು ಸಮುದಾಯದ ಜನ ಸಾಯಲಿ ಎಂದು ಬರೆಯುವ ನರ್ಸ್‌ನ ಕೈಗೆ ಆ ಸಮುದಾಯದ ರೋಗಿ ಧೈರ್ಯವಾಗಿ ತೋಳು ಚಾಚುವುದು ಹೇಗೆ? ಇಲ್ಲಿ ಮಾತು ಕೆಲಸದ ಒಳಗೇ ಬಂದು ನಿಂತಿದೆ. ಬರೆದದ್ದು ಮನೆಯಲ್ಲಿ, ರಜೆಯ ದಿನ ಎಂಬ ಸಮಜಾಯಿಷಿ ಇಲ್ಲಿ ನಿಲ್ಲುವುದಿಲ್ಲ. ಆದರೆ ಅದೇ ನರ್ಸ್ ತೆರಿಗೆ ನೀತಿಯನ್ನೋ ಯುದ್ಧವನ್ನೋ ಕಟುವಾಗಿ ಟೀಕಿಸಿದರೆ? ಕೇಳಿದ ರೋಗಿಗೆ ಕೋಪ ಬರಬಹುದು. ಚಿಕಿತ್ಸೆಯ ಮೇಲಿನ ನಂಬಿಕೆಗೆ ಏನೂ ಆಗುವುದಿಲ್ಲ. ಈ ಎರಡನ್ನೂ 'ಸಂಸ್ಥೆಯ ಘನತೆಗೆ ಧಕ್ಕೆ' ಎಂಬ ಒಂದೇ ಶೀರ್ಷಿಕೆಯ ಕೆಳಗೆ ಹಾಕುವ ನಿಯಮ ಕೆಟ್ಟ ನಿಯಮ. ದುರದೃಷ್ಟಕ್ಕೆ ಬಹಳಷ್ಟು ನೇಮಕಾತಿ ಪತ್ರಗಳಲ್ಲಿ ಇರುವುದು ಈ ಒಂದೇ ಸಾಲು.

ಆಸ್ಟ್ರೇಲಿಯಾದಲ್ಲಿ 1998ರ ಒಂದು ತೀರ್ಪು ಇದಕ್ಕೆ ಒಳ್ಳೆಯ ಅಳತೆ ಕೊಟ್ಟಿದೆ. ಕೆಲಸದ ಹೊರಗಿನ ನಡತೆಗೆ ವಜಾ ಮಾಡಬೇಕಾದರೆ ಅದು ಮಾಲೀಕ–ನೌಕರರ ಸಂಬಂಧಕ್ಕೆ ಗಂಭೀರ ಹಾನಿ ಮಾಡುವಂತಿರಬೇಕು, ಅಥವಾ ಮಾಲೀಕರ ಹಿತಕ್ಕೆ ಹಾನಿ ಮಾಡಬೇಕು, ಅಥವಾ ನೌಕರನ ಕರ್ತವ್ಯಕ್ಕೆ ಹೊಂದದಂತಿರಬೇಕು. ಅಂಥ ನಡತೆಯಿಂದ ನೌಕರನೇ ಒಪ್ಪಂದವನ್ನು ತಿರಸ್ಕರಿಸಿದ್ದಾನೆ ಎನ್ನುವಷ್ಟು ಅದು ಗಂಭೀರವಾಗಿರಬೇಕು.

ಆದರೆ ಅದೇ ದೇಶದ ಹೈಕೋರ್ಟ್, ಅಂದರೆ ಅಲ್ಲಿನ ಅತ್ಯುನ್ನತ ನ್ಯಾಯಾಲಯ, 2019ರಲ್ಲಿ ಕೊಟ್ಟ ಒಂದು ತೀರ್ಪನ್ನು ನನಗೆ ಒಪ್ಪಲು ಆಗುವುದಿಲ್ಲ. ವಲಸೆ ಇಲಾಖೆಯ ಅಧಿಕಾರಿಯೊಬ್ಬರು ಬೇರೆ ಹೆಸರಿನಲ್ಲಿ 9,000ಕ್ಕೂ ಹೆಚ್ಚು ಟ್ವೀಟ್ ಮಾಡಿದ್ದರು. ಹಲವು ಟ್ವೀಟ್‌ಗಳು ಸರ್ಕಾರದ ವಲಸೆ ನೀತಿಯನ್ನು ಕಟುವಾಗಿ ಟೀಕಿಸಿದ್ದವು. ಹೆಚ್ಚುಕಡಿಮೆ ಎಲ್ಲವೂ ಕೆಲಸದ ಹೊರಗಿನ ಸಮಯದಲ್ಲಿ ಬರೆದವು. ಇಲಾಖೆ ಪತ್ತೆಹಚ್ಚಿ ವಜಾ ಮಾಡಿತು. ಕೋರ್ಟ್ ಇಲಾಖೆಯ ಪರ ನಿಂತಿತು. ಅನಾಮಧೇಯರಾಗಿ ಬರೆದವರ ಗುರುತೂ ಒಂದಲ್ಲ ಒಂದು ದಿನ ಹೊರಬರುವ ಅಪಾಯ ಇದ್ದೇ ಇದೆ, ಆಗ ಆಡಳಿತ ಪಕ್ಷಾತೀತ ಎಂಬ ನಂಬಿಕೆ ಕುಸಿಯುತ್ತದೆ ಎಂಬುದು ವಾದದ ಸಾರ. ತಾನು ಕೆಲಸ ಮಾಡುವ ಇಲಾಖೆಯನ್ನೇ ಟೀಕಿಸಿದ್ದರಿಂದ ಇಲ್ಲಿ ಮಾತಿಗೂ ಕೆಲಸಕ್ಕೂ ನಂಟು ಇತ್ತು, ಅದು ಸರಿ. ಆದರೆ ಬರೆದವರು ಸರ್ಕಾರಿ ಅಧಿಕಾರಿ ಎಂದು ಓದುಗರಿಗೆ ಗೊತ್ತೇ ಇಲ್ಲದಿದ್ದಾಗ ಜನರ ನಂಬಿಕೆಗೆ ಪೆಟ್ಟು ಬಿದ್ದದ್ದು ಎಲ್ಲಿ? ಮುಂದೆ ಆಗಬಹುದಾದ ಹಾನಿಗೆ ಇವತ್ತೇ ಅತಿ ದೊಡ್ಡ ಶಿಕ್ಷೆ ಕೊಟ್ಟಂತಾಯಿತು.

ಹಾನಿ ಆಯಿತೇ, ಗಲಾಟೆ ಆಯಿತೇ?

1981ರ ಮಾರ್ಚ್ 30ರಂದು ಅಧ್ಯಕ್ಷ ರೇಗನ್ ಮೇಲೆ ಗುಂಡಿನ ದಾಳಿ ನಡೆಯಿತು. ಟೆಕ್ಸಾಸ್‌ನ ಕಾನ್‌ಸ್ಟೇಬಲ್ ಕಚೇರಿಯೊಂದರಲ್ಲಿ ಕಂಪ್ಯೂಟರಿಗೆ ಮಾಹಿತಿ ತುಂಬುತ್ತಿದ್ದ ಯುವತಿ ರೇಡಿಯೊದಲ್ಲಿ ಸುದ್ದಿ ಕೇಳಿದಳು. ರೇಗನ್ ನೀತಿಗಳು ಅವಳಿಗೆ ಹಿಡಿಸಿರಲಿಲ್ಲ. ಇನ್ನೊಮ್ಮೆ ಪ್ರಯತ್ನ ಮಾಡಿದರೆ ಆಗಲಾದರೂ ಗುರಿ ತಪ್ಪದಿರಲಿ ಎಂದು ಪಕ್ಕದವರಿಗೆ ಹೇಳಿದಳು. ಮಾತು ಮೇಲಧಿಕಾರಿಯ ಕಿವಿಗೆ ಬಿತ್ತು, ಅವಳ ಕೆಲಸ ಹೋಯಿತು. 1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ಅವಳ ಪರ ತೀರ್ಪು ಕೊಟ್ಟಿತು. ಮಾತು ಅಸಹ್ಯ ಎಂದು ಯಾರಿಗಾದರೂ ಅನ್ನಿಸುತ್ತದೆ. ನನಗೂ ಅನ್ನಿಸುತ್ತದೆ. ಆದರೆ ಕೋರ್ಟ್ ಕೇಳಿದ ಪ್ರಶ್ನೆಗಳು ಬೇರೆ. ಅವಳ ಹತ್ತಿರ ಬಂದೂಕು ಇತ್ತೇ? ಇಲ್ಲ. ಜನರ ಜೊತೆ ವ್ಯವಹರಿಸುತ್ತಿದ್ದಳೇ? ಇಲ್ಲ. ಕಚೇರಿಯ ಕೆಲಸ ನಿಂತಿತೇ? ಇಲ್ಲ. ಹಾಗಾದರೆ ವಜಾ ಮಾಡಿದ್ದು ಮಾತು ಹಿಡಿಸಲಿಲ್ಲ ಎಂಬ ಒಂದೇ ಕಾರಣಕ್ಕೆ.

ಇದು ಕಚೇರಿಯ ಒಳಗೇ ಆಡಿದ ಮಾತು ಎಂಬುದು ನೆನಪಿರಲಿ. ಕೋರ್ಟ್ ಅದಕ್ಕೂ ರಕ್ಷಣೆ ಕೊಟ್ಟಿತು.

2025ರ ಸೆಪ್ಟೆಂಬರ್ 10ರಂದು ಅಮೆರಿಕದ ಬಲಪಂಥೀಯ ಮುಂದಾಳು ಚಾರ್ಲಿ ಕರ್ಕ್ ಅವರ ಹತ್ಯೆಯಾಯಿತು. ಸಾವನ್ನು ಸಂಭ್ರಮಿಸಿದವರೂ ಇದ್ದರು, ಅವರ ಹಳೆಯ ಮಾತುಗಳನ್ನು ನೆನಪಿಸಿ ಟೀಕಿಸಿದವರೂ ಇದ್ದರು. ಮುಂದಿನ ದಿನಗಳಲ್ಲಿ ಶಿಕ್ಷಕರು, ಆಸ್ಪತ್ರೆ ಸಿಬ್ಬಂದಿ, ವಿಮಾನ ಕಂಪನಿಯ ನೌಕರರು ಹೀಗೆ ಬೇರೆ ಬೇರೆ ಕ್ಷೇತ್ರದ ಜನ ಅಮಾನತಾದರು, ವಜಾ ಆದರು. ಸಂಭ್ರಮಿಸುವವರು ಕಂಡರೆ ಅವರ ಮಾಲೀಕರಿಗೆ ಫೋನ್ ಮಾಡಿ ಎಂದು ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್ ಸಾರ್ವಜನಿಕವಾಗಿಯೇ ಕರೆ ಕೊಟ್ಟರು. ಸೌತ್ ಡಕೋಟಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರ ವಿರುದ್ಧದ ಕ್ರಮಕ್ಕೆ ಫೆಡರಲ್ ನ್ಯಾಯಾಧೀಶರು ತಾತ್ಕಾಲಿಕ ತಡೆ ಕೊಟ್ಟರು. ಅವರು ಸರ್ಕಾರಿ ವಿಶ್ವವಿದ್ಯಾಲಯದಲ್ಲಿದ್ದರು, ಹಾಗಾಗಿ ಸಂವಿಧಾನ ಕೈಹಿಡಿಯಿತು. ಅದೇ ಮಾತು ಬರೆದ ಖಾಸಗಿ ಕಂಪನಿಯ ನೌಕರನಿಗೆ ಹೆಚ್ಚಿನ ರಾಜ್ಯಗಳಲ್ಲಿ ಬಾಗಿಲೇ ಇಲ್ಲ.

'ಮಾಲೀಕರಿಗೆ ಫೋನ್ ಮಾಡಿ' ಎಂಬ ಕರೆಯ ಬಗ್ಗೆ ಸ್ವಲ್ಪ ಹೊತ್ತು ನಿಂತು ಯೋಚಿಸಬೇಕು. ಈ ಮಾತಾಡಿದ್ದಕ್ಕೆ ಉಪಾಧ್ಯಕ್ಷರು ಯಾರನ್ನೂ ಜೈಲಿಗೆ ಹಾಕುವಂತಿಲ್ಲ. ಸಂವಿಧಾನ ಬಿಡುವುದಿಲ್ಲ. ಆದರೆ ಕಂಪನಿಯ ಮೂಲಕ ಅನ್ನವನ್ನೇ ಕಿತ್ತುಕೊಳ್ಳಬಹುದು, ಬೆದರಿಕೆ ಹಾಕದೆ ಬರೀ ಕರೆ ಕೊಟ್ಟರೆ ಅದಕ್ಕೆ ಸಂವಿಧಾನ ಅಡ್ಡ ಬರುವುದು ಕಷ್ಟ. ಹಾಂಗ್‌ಕಾಂಗ್‌ನಲ್ಲಿ ಬೀಜಿಂಗ್ ಬಳಸಿದ ದಾರಿಯೂ ಹತ್ತಿರಹತ್ತಿರ ಇದೇ. ಒಂದು ಸರ್ವಾಧಿಕಾರದ ದೇಶ, ಇನ್ನೊಂದು ಪ್ರಜಾಪ್ರಭುತ್ವದ ದೇಶ. ಎರಡೂ ಕಡೆ ಅಧಿಕಾರದಲ್ಲಿ ಇರುವವರಿಗೆ ಗೊತ್ತಿರುವ ಸತ್ಯ ಒಂದೇ: ತಿಂಗಳ ಸಂಬಳದ ಮೇಲೆ ಬದುಕುವವನಿಗೆ ಕೋರ್ಟಿನ ಸಮನ್ಸ್‌ಗಿಂತ ಎಚ್‌ಆರ್ ವಿಭಾಗದ ಇಮೇಲ್ ಜಾಸ್ತಿ ಭಯ ಹುಟ್ಟಿಸುತ್ತದೆ. ಎಡ, ಬಲ ಎಂಬ ಭೇದ ಇಲ್ಲಿ ಇಲ್ಲ. ಇವತ್ತು ಒಂದು ಪಂಗಡ ಫೋನ್ ಮಾಡುತ್ತದೆ, ನಾಳೆ ಇನ್ನೊಂದು. ಕೆಲವು ವರ್ಷಗಳ ಹಿಂದೆ ಈಗ ಬಾಯಿ ಕಳೆದುಕೊಂಡವರ ಕಡೆಯವರೇ ಫೋನ್ ಮಾಡುತ್ತಿದ್ದರು.

ಹೊರಗಿನ ಒತ್ತಡಕ್ಕೆ ಮಣಿದ ಸಂಸ್ಥೆಗೆ ಕೋರ್ಟಿನಲ್ಲಿ ಏನಾಗಬಹುದು ಎಂಬುದಕ್ಕೆ ಆಸ್ಟ್ರೇಲಿಯಾದ ಸಾರ್ವಜನಿಕ ಪ್ರಸಾರ ಸಂಸ್ಥೆ ಎಬಿಸಿಯ ಪ್ರಕರಣ ನೋಡಿ. 2023ರ ಡಿಸೆಂಬರ್‌ನಲ್ಲಿ ಐದು ದಿನದ ಕೆಲಸಕ್ಕೆ ಬಂದಿದ್ದ ರೇಡಿಯೊ ನಿರೂಪಕಿಯೊಬ್ಬರು ಗಾಜಾ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ ಹಾಕಿದ್ದ ಪೋಸ್ಟ್ ಒಂದನ್ನು ತಮ್ಮ ಖಾತೆಯಲ್ಲಿ ಹಂಚಿಕೊಂಡರು. ಅದಕ್ಕೆ ಮುಂಚಿನಿಂದಲೇ ಅವರನ್ನು ತೆಗೆಯಿರಿ ಎಂದು ಇಮೇಲ್‌ಗಳು ಸುರಿಯುತ್ತಿದ್ದವು. ಮೂರನೇ ದಿನದ ಕಾರ್ಯಕ್ರಮ ಮುಗಿಯುತ್ತಲೇ ಅವರನ್ನು ಮನೆಗೆ ಕಳಿಸಿದರು. 2025ರ ಜೂನ್‌ನಲ್ಲಿ ಫೆಡರಲ್ ಕೋರ್ಟ್ ಇದು ಕಾನೂನುಬಾಹಿರ ಎಂದಿತು. ಅವರ ರಾಜಕೀಯ ಅಭಿಪ್ರಾಯವೂ ಕಾರಣಗಳಲ್ಲಿ ಒಂದಾಗಿತ್ತು ಎಂದು ಕಂಡುಕೊಂಡು 70,000 ಆಸ್ಟ್ರೇಲಿಯನ್ ಡಾಲರ್ ಪರಿಹಾರ ಕೊಡಿಸಿತು. ಆಮೇಲೆ ಸೆಪ್ಟೆಂಬರ್‌ನಲ್ಲಿ ಇನ್ನೂ 1,50,000 ಡಾಲರ್ ದಂಡ ಹಾಕಿತು.

ಇಂಗ್ಲೆಂಡಿನ ಕೋರ್ಟ್ ಆಫ್ ಅಪೀಲ್ 2025ರ ಫೆಬ್ರವರಿಯಲ್ಲಿ ಇನ್ನೂ ಸ್ಪಷ್ಟವಾಗಿ ಮಾತಾಡಿತು. ಶಾಲೆಯೊಂದರ ಕ್ರೈಸ್ತ ನೌಕರಳೊಬ್ಬಳು ಶಾಲೆಗಳಲ್ಲಿ ಲಿಂಗತ್ವದ ಬಗ್ಗೆ ಹೇಳಿಕೊಡುವುದನ್ನು ವಿರೋಧಿಸುವ ಪೋಸ್ಟ್‌ಗಳನ್ನು ಫೇಸ್‌ಬುಕ್‌ನಲ್ಲಿ ಹಂಚಿಕೊಂಡಿದ್ದಳು. ಯಾರೋ ಮುಖ್ಯೋಪಾಧ್ಯಾಯರಿಗೆ ದೂರು ಕೊಟ್ಟರು, ಆಕೆಯ ಕೆಲಸ ಹೋಯಿತು. ಕಾನೂನು ರಕ್ಷಿಸುವ ನಂಬಿಕೆಯೊಂದನ್ನು ಹೇಳಿಕೊಂಡದ್ದು ಬೇರೆಯವರಿಗೆ ಹಿಡಿಸಲಿಲ್ಲ, ಅದರಿಂದ ಸಂಸ್ಥೆಯ ಹೆಸರು ಕೆಡಬಹುದು ಎಂಬುದಷ್ಟೇ ವಜಾಕ್ಕೆ ಸಾಲದು ಎಂದಿತು ಕೋರ್ಟ್. ಹೇಳಿದ ರೀತಿ ನಿಜಕ್ಕೂ ಆಕ್ಷೇಪಾರ್ಹವಾಗಿರಬೇಕು, ಶಿಕ್ಷೆಯೂ ಅಳತೆ ಮೀರಬಾರದು. ಆಕೆಯ ಅಭಿಪ್ರಾಯ ನನ್ನದಲ್ಲ. ಆದರೆ ಈ ತೀರ್ಪು ಗಾಜಾದ ಬಗ್ಗೆ ಬರೆಯುವವರನ್ನೂ ಹವಾಮಾನ ಬದಲಾವಣೆಯ ಬಗ್ಗೆ ಕೂಗುವವರನ್ನೂ ಕಾಯಬಲ್ಲದು. ಒಪ್ಪದವರ ಹಕ್ಕನ್ನು ಕಾಯದೆ ಒಪ್ಪುವವರ ಹಕ್ಕನ್ನು ಕಾಯುವ ಉಪಾಯ ಯಾವ ದೇಶಕ್ಕೂ ಇನ್ನೂ ಸಿಕ್ಕಿಲ್ಲ.

ದೊಡ್ಡವರ ಮಾತು, ಸಣ್ಣವರ ಮಾತು

ವ್ಯವಹಾರಕ್ಕೆ ನಿಜವಾಗಿ ಭಾರಿ ಪೆಟ್ಟು ಬಿದ್ದ ಪ್ರಕರಣಗಳೂ ಇವೆ. 2019ರ ಅಕ್ಟೋಬರ್‌ನಲ್ಲಿ ಅಮೆರಿಕದ ಹ್ಯೂಸ್ಟನ್ ರಾಕೆಟ್ಸ್ ಬಾಸ್ಕೆಟ್‌ಬಾಲ್ ತಂಡದ ಜನರಲ್ ಮ್ಯಾನೇಜರ್ ಡ್ಯಾರಿಲ್ ಮೋರಿ ಹಾಂಗ್‌ಕಾಂಗ್ ಜನರ ಪರ ಒಂದು ಟ್ವೀಟ್ ಮಾಡಿದರು. ಬೇಗನೆ ಅಳಿಸಿಯೂ ಹಾಕಿದರು. ಅಷ್ಟರಲ್ಲಿ ಚೀನಾದ ಸರ್ಕಾರಿ ಟಿವಿ ಪಂದ್ಯಗಳ ಪ್ರಸಾರ ನಿಲ್ಲಿಸಿತು, ಪ್ರಾಯೋಜಕರು ದೂರ ಸರಿದರು. ನಷ್ಟ ಕೋಟ್ಯಂತರ ಡಾಲರ್, ಬಹುಶಃ 40 ಕೋಟಿಗಿಂತ ಕಡಿಮೆ ಎಂದು ಎನ್‌ಬಿಎ ಲೀಗ್‌ನ ಮುಖ್ಯಸ್ಥ ಆ್ಯಡಂ ಸಿಲ್ವರ್ ಮುಂದಿನ ಫೆಬ್ರವರಿಯಲ್ಲಿ ಹೇಳಿದರು. ಮೋರಿಯನ್ನು ವಜಾ ಮಾಡುವಂತೆ ಚೀನಾ ಕೇಳಿತ್ತು, ವಜಾ ಇರಲಿ, ಶಿಸ್ತುಕ್ರಮವನ್ನೂ ತೆಗೆದುಕೊಳ್ಳುವುದಿಲ್ಲ ಎಂದು ನಾವು ಹೇಳಿದೆವು ಎಂದೂ ಅವರು ಹೇಳಿಕೊಂಡಿದ್ದರು. ಹಾಗೆ ಕೇಳಿಲ್ಲ ಎಂದು ಚೀನಾ ನಿರಾಕರಿಸಿತು. ಮೋರಿ ಕೆಲಸದಲ್ಲಿ ಮುಂದುವರಿದರು.

2023ರ ಮಾರ್ಚ್‌ನಲ್ಲಿ ಬಿಬಿಸಿಯ ಫುಟ್‌ಬಾಲ್ ನಿರೂಪಕ ಗ್ಯಾರಿ ಲಿನೆಕರ್ ಬ್ರಿಟನ್ ಸರ್ಕಾರದ ವಲಸೆ ನೀತಿಯನ್ನು ಟ್ವೀಟ್‌ನಲ್ಲಿ ಟೀಕಿಸಿದರು. ಬಿಬಿಸಿ ಅವರನ್ನು ಕಾರ್ಯಕ್ರಮದಿಂದ ದೂರ ಇಟ್ಟಿತು. ಸಹ ನಿರೂಪಕರು, ವೀಕ್ಷಕ ವಿವರಣೆಗಾರರು ಅವರ ಜೊತೆ ನಿಂತರು. ಅವರ ಪ್ರಖ್ಯಾತ ಕಾರ್ಯಕ್ರಮ ಆ ಶನಿವಾರ ವಿವರಣೆಯೇ ಇಲ್ಲದೆ ಸುಮಾರು 20 ನಿಮಿಷಕ್ಕೆ ಮುಗಿಯಿತು. ಸೋಮವಾರದ ಹೊತ್ತಿಗೆ ಅವರು ಮತ್ತೆ ಒಳಗೆ ಬಂದಿದ್ದರು.

ಈಗ ಇನ್ನೊಂದು ಪ್ರಕರಣ. ಟರ್ಕಿಯ ಶಿಕ್ಷಣ ಇಲಾಖೆಯಲ್ಲಿ ಗುತ್ತಿಗೆಯ ಮೇಲೆ ಕಸ ಗುಡಿಸುತ್ತಿದ್ದ ಮಹಿಳೆಯೊಬ್ಬರು ಬೇರೆಯವರ ಕೆಲವು ಫೇಸ್‌ಬುಕ್ ಪೋಸ್ಟ್‌ಗಳಿಗೆ ಲೈಕ್ ಒತ್ತಿದ್ದರು. ಅಷ್ಟೇ. ಆ ಪೋಸ್ಟ್‌ಗಳಲ್ಲಿ ಅಧಿಕಾರಿಗಳ, ಶಿಕ್ಷಕರ ಬಗ್ಗೆ ಕಟುವಾದ ಮಾತುಗಳಿದ್ದವು. ಪರಿಹಾರವನ್ನೂ ಕೊಡದೆ ಆಕೆಯನ್ನು ತೆಗೆದರು. ಟರ್ಕಿಯ ಕೋರ್ಟುಗಳು ಅದು ಸರಿ ಎಂದವು. 2021ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಆಕೆಯ ಹಕ್ಕಿನ ಉಲ್ಲಂಘನೆ ಆಗಿದೆ ಎಂದಿತು. ಲೈಕ್ ಒತ್ತುವುದು ತಾನೇ ಬರೆದು ಹಂಚುವಷ್ಟು ಭಾರದ್ದಲ್ಲ, ಆಕೆಯ ಹುದ್ದೆ ಎಂಥದ್ದು, ಆ ಲೈಕ್ ಎಷ್ಟು ಜನರ ಕಣ್ಣಿಗೆ ಬಿದ್ದೀತು ಎಂದು ಯಾರೂ ನೋಡಲೇ ಇಲ್ಲ ಎಂದು ನ್ಯಾಯಾಲಯ ಗಮನಿಸಿತು.

ಈ ಮೂರನ್ನೂ ಪಕ್ಕಪಕ್ಕದಲ್ಲಿ ಇಟ್ಟರೆ ನನಗೆ ಸಂಕಟವಾಗುತ್ತದೆ. ಮಾತಿನಿಂದ ಆಗುವ ಹಾನಿಗೂ ಸಿಗುವ ಶಿಕ್ಷೆಗೂ ಲೆಕ್ಕವೇ ಹೊಂದುವುದಿಲ್ಲ. ಮೋರಿಯ ಟ್ವೀಟ್‌ನಿಂದ ಕೋಟ್ಯಂತರ ಡಾಲರ್ ಹೋಯಿತು, ಕೆಲಸ ಉಳಿಯಿತು. ಕಸ ಗುಡಿಸುವವರ ಲೈಕ್‌ನಿಂದ ಇಲಾಖೆಗೆ ಒಂದು ಪೈಸೆಯೂ ಹೋಗಲಿಲ್ಲ, ಕೆಲಸ ಹೋಯಿತು. ಮಾತಿನ ಪ್ರಭಾವ ಹುದ್ದೆಯ ಜೊತೆ ಬೆಳೆಯುತ್ತದೆ. ಹಾಗಿದ್ದರೆ ಜವಾಬ್ದಾರಿಯೂ ಹುದ್ದೆಯ ಜೊತೆಗೇ ಬೆಳೆಯಬೇಕು. ಸಿಇಒ ಬರೆದದ್ದನ್ನು ಜನ ಕಂಪನಿಯ ಮಾತು ಎಂದು ತಿಳಿದುಕೊಂಡರೆ ಅದು ಸಹಜ. ಗೋದಾಮಿನಲ್ಲಿ ಡಬ್ಬ ಎತ್ತಿಡುವವನ ಪೋಸ್ಟ್ ನೋಡಿ ಕಂಪನಿಯ ನಿಲುವು ಇದು ಎಂದು ಯಾರು ತಿಳಿದುಕೊಳ್ಳುತ್ತಾರೆ?

ಕಂಪನಿಗಳ ನಿಯಮಗಳಲ್ಲಿ ಈ ವ್ಯತ್ಯಾಸ ಕಾಣುವುದು ತೀರಾ ಅಪರೂಪ. ಎಲ್ಲರಿಗೂ ಒಂದೇ ಸಾಲು, ಒಂದೇ ಸಹಿ. ಮೇಲಿನವರಿಗೆ ವಕೀಲರಿದ್ದಾರೆ, ಜೊತೆಗೆ ನಿಲ್ಲುವ ಹೆಸರುವಾಸಿ ಸಹೋದ್ಯೋಗಿಗಳಿದ್ದಾರೆ. ಹಾಗಾಗಿ ಆ ಸಾಲು ಕೊನೆಗೆ ಬಂದು ಬೀಳುವುದು ಕೆಳಗಿನವರ ಮೇಲೆ.

ಸಂಬಳದ ಮಾತಿಗೆ ಬೇರೆಯದೇ ರಕ್ಷಣೆ

ಒಂದು ಬಗೆಯ ಮಾತಿಗೆ ಖಾಸಗಿ ಕಂಪನಿಯಲ್ಲೂ ಗಟ್ಟಿ ರಕ್ಷಣೆ ಇದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಅಮೆರಿಕದ 1935ರ ಕಾರ್ಮಿಕ ಸಂಬಂಧಗಳ ಕಾಯ್ದೆಯ ಪ್ರಕಾರ ನೌಕರರು ಸಂಬಳ, ಕೆಲಸದ ಪರಿಸ್ಥಿತಿಯ ಬಗ್ಗೆ ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವುದನ್ನು ಮಾಲೀಕರು ತಡೆಯುವಂತಿಲ್ಲ. ಕಾರ್ಮಿಕ ಸಂಘ ಇರಲಿ, ಇಲ್ಲದಿರಲಿ. ಕನೆಕ್ಟಿಕಟ್‌ನ ಬಾರ್ ಒಂದರಲ್ಲಿ ಮಾಲೀಕರು ತೆರಿಗೆ ಕಡಿತದ ಲೆಕ್ಕ ತಪ್ಪು ಮಾಡಿದ್ದಾರೆ ಎಂದು ಮಾಜಿ ನೌಕರಳೊಬ್ಬಳು ಫೇಸ್‌ಬುಕ್‌ನಲ್ಲಿ ಸಿಟ್ಟಿನಿಂದ ಬರೆದಳು. ಅಲ್ಲಿನ ಒಬ್ಬ ಅಡುಗೆಯವ ಅದಕ್ಕೆ ಲೈಕ್ ಒತ್ತಿದ. ಇನ್ನೊಬ್ಬಳು ಬೈಗುಳ ಸೇರಿಸಿ ಕಾಮೆಂಟ್ ಹಾಕಿದಳು. ಇಬ್ಬರ ಕೆಲಸವೂ ಹೋಯಿತು. ಗಿರಾಕಿಗಳು ಇದನ್ನು ನೋಡುತ್ತಾರೆ ಎಂಬುದು ಮಾಲೀಕರ ವಾದ. 2014ರಲ್ಲಿ ಕಾರ್ಮಿಕ ಮಂಡಳಿ, 2015ರಲ್ಲಿ ಮೇಲ್ಮನವಿ ನ್ಯಾಯಾಲಯ ಎರಡೂ ಈ ವಾದವನ್ನು ಒಪ್ಪಲಿಲ್ಲ. ಮಾತಾಡಿದ್ದು ತಮ್ಮ ಸಂಬಳದ ತೆರಿಗೆಯ ಬಗ್ಗೆ, ಬಾರಿನ ಊಟ–ಪಾನೀಯದ ಬಗ್ಗೆ ಅಲ್ಲ. ಗಿರಾಕಿಗಳ ಕಣ್ಣಿಗೆ ಬಿತ್ತು ಎಂಬುದೊಂದೇ ಸಾಲದು.

ಇಲ್ಲೂ ಅಳತೆಗೋಲು ಅದೇ ನೋಡಿ. ಮಾತು ಯಾವುದರ ಬಗ್ಗೆ, ನಿಜವಾಗಿ ಏನು ಹಾಳಾಯಿತು?

ಹಂಗೇರಿಯ ಬ್ಯಾಂಕ್ ಒಂದರ ಎಚ್‌ಆರ್ ವಿಭಾಗದಲ್ಲಿದ್ದ ನೌಕರನೊಬ್ಬ ತನ್ನ ವೃತ್ತಿಯ ಬಗ್ಗೆಯೇ ಒಂದು ವೆಬ್‌ಸೈಟ್ ನಡೆಸುತ್ತಿದ್ದ. ಸಂಬಳ, ತೆರಿಗೆ, ಎಚ್‌ಆರ್ ಪದ್ಧತಿಗಳ ಬಗ್ಗೆ ಲೇಖನಗಳು. ನಮ್ಮ ವ್ಯವಹಾರದ ಹಿತಕ್ಕೆ ಧಕ್ಕೆ ಎಂದು ಬ್ಯಾಂಕ್ 2011ರಲ್ಲಿ ತೆಗೆದುಹಾಕಿತು. ವೃತ್ತಿಯ ವಿಷಯ ಸಾರ್ವಜನಿಕ ವಿಷಯ ಅಲ್ಲ, ಅದಕ್ಕೆ ವಾಕ್ ಸ್ವಾತಂತ್ರ್ಯ ಅನ್ವಯಿಸುವುದಿಲ್ಲ ಎಂದಿತು ಹಂಗೇರಿಯ ಸಂವಿಧಾನ ನ್ಯಾಯಾಲಯ. 2019ರಲ್ಲಿ ಯುರೋಪಿನ ನ್ಯಾಯಾಲಯ ಇದನ್ನು ತಿರುಗಿಸಿತು. ಮಾತು ಎಂಥದ್ದು, ಆಡಿದವನ ಉದ್ದೇಶವೇನು, ಮಾಲೀಕರಿಗೆ ಆದ ಹಾನಿ ಎಷ್ಟು, ಶಿಕ್ಷೆ ಎಷ್ಟು ಕಠಿಣ ಎಂಬ ನಾಲ್ಕನ್ನೂ ನೋಡಬೇಕಿತ್ತು ಎಂದಿತು. ಹಾನಿಯ ಸಾಧ್ಯತೆ ಇದೆ ಎಂದಷ್ಟೇ ಹೇಳಿ ಬ್ಯಾಂಕ್ ಪಾರಾಗುವಂತಿರಲಿಲ್ಲ.

ಗೆದ್ದ ಮೇಲೆ ಸಿಗುವುದೇನು?

ಆ ಹಂಗೇರಿಯನ್ ನೌಕರನಿಗೆ ನ್ಯಾಯ ಸಿಗಲು ಎಂಟು ವರ್ಷ ಹಿಡಿಯಿತು. ಇಂಗ್ಲೆಂಡಿನ ಶಾಲೆಯ ನೌಕರಳಿಗೆ ಆರು ವರ್ಷ. ಅದಕ್ಕಿಂತ ಬೇಸರ ತರಿಸುವುದು ಇಂಗ್ಲೆಂಡಿನದೇ 2012ರ ಟ್ರಾಫರ್ಡ್ ಪ್ರಕರಣ. ಸಲಿಂಗಿಗಳ ಮದುವೆ ಚರ್ಚ್‌ನಲ್ಲಿ ನಡೆಯುವ ಸುದ್ದಿಯ ಲಿಂಕ್ ಹಾಕಿ, ಇದು ಸಮಾನತೆಯ ಅತಿರೇಕ ಎಂಬರ್ಥದ ಪುಟ್ಟ ಟಿಪ್ಪಣಿಯನ್ನು ವಸತಿ ಸಂಸ್ಥೆಯೊಂದರ ಮ್ಯಾನೇಜರ್ ತನ್ನ ಫೇಸ್‌ಬುಕ್‌ನಲ್ಲಿ ಬರೆದಿದ್ದ. ಸಂಸ್ಥೆ ಅವನಿಗೆ ಹಿಂಬಡ್ತಿ ಕೊಟ್ಟಿತು, ಸಂಬಳದಲ್ಲಿ ಶೇ 40ರಷ್ಟು ಕಡಿತ ಮಾಡಿತು. ಅವನ ಖಾತೆಯಲ್ಲಿ ಸಂಸ್ಥೆಯ ಹೆಸರಿದ್ದರೂ, ಅವನು ಸಂಸ್ಥೆಯ ಪರವಾಗಿ ಮಾತಾಡುತ್ತಿದ್ದಾನೆ ಎಂದು ಬುದ್ಧಿ ಇರುವ ಯಾವ ಓದುಗನೂ ತಿಳಿಯುವುದಿಲ್ಲ ಎಂದರು ಹೈಕೋರ್ಟ್ ನ್ಯಾಯಾಧೀಶರು. ಹಿಂಬಡ್ತಿ ಒಪ್ಪಂದದ ಉಲ್ಲಂಘನೆ ಎಂದು ತೀರ್ಪಾಯಿತು. ಆದರೆ ಒಪ್ಪಂದದ ನೋಟಿಸ್ ಅವಧಿಯ ಲೆಕ್ಕದಲ್ಲಿ ಪರಿಹಾರ ಸಿಕ್ಕಿದ್ದು 100 ಪೌಂಡ್‌ಗೂ ಕಡಿಮೆ. ಇಷ್ಟು ಕಡಿಮೆ ಕೊಡಬೇಕಾಗಿ ಬಂದದ್ದಕ್ಕೆ ನ್ಯಾಯಾಧೀಶರೇ ಬೇಸರ ವ್ಯಕ್ತಪಡಿಸಿದರು.

ಹಾಗಾಗಿ ಕೋರ್ಟಿನ ತೀರ್ಪುಗಳು ಎಷ್ಟೇ ಚೆನ್ನಾಗಿದ್ದರೂ ನಿಜವಾದ ಬದಲಾವಣೆ ಆಗಬೇಕಿರುವುದು ಮೊದಲ ಎರಡು ದಿನಗಳಲ್ಲಿ. ಪೋಸ್ಟ್ ವೈರಲ್ ಆದ ರಾತ್ರಿ ಕಂಪನಿಯ ಒಳಗೆ ಕೂತವರ ಮೇಲೆ ಭಾರಿ ಒತ್ತಡ ಇರುತ್ತದೆ. ಬೆಳಗಾಗುವುದರೊಳಗೆ ಏನಾದರೂ ಮಾಡಿದೆವು ಎಂದು ತೋರಿಸಬೇಕು. ಆಗ ಅವರ ಕೈಗೆ ಸಿಗುವ ಅತಿ ಸುಲಭದ ಉತ್ತರ ವಜಾ. ಕಾನೂನು ಮಾಡುವವರು, ಕಾರ್ಮಿಕ ಸಂಘಗಳು ಹಿಡಿಯಬೇಕಾದ ಜಾಗ ಇದು. ಕೆಲಸದ ಹೊರಗಿನ ಮಾತಿಗೆ ಕ್ರಮ ತೆಗೆದುಕೊಳ್ಳುವ ಮುಂಚೆ ಕನಿಷ್ಠ ಇಷ್ಟು ದಿನ ಕಾಯಬೇಕು ಎಂಬ ನಿಯಮ ಬೇಕು. ಆ ದಿನಗಳಲ್ಲಿ ನೌಕರನಿಗೆ ಸಂಬಳ ಸಿಗುತ್ತಿರಬೇಕು. ಕೆಲಸಕ್ಕೂ ಮಾತಿಗೂ ಇರುವ ನಂಟು ಏನು, ಆದ ಹಾನಿ ಏನು ಎಂದು ಶೋಕಾಸ್ ನೋಟಿಸ್‌ನಲ್ಲಿ ಬಿಡಿಸಿ ಬರೆಯಬೇಕು. ದೂರು ಕೊಟ್ಟವರ ಸಂಖ್ಯೆಯನ್ನು ಹಾನಿಯ ಪುರಾವೆ ಎಂದು ತೋರಿಸುವಂತಿರಬಾರದು. ವಜಾಕ್ಕಿಂತ ಸಣ್ಣ ಕ್ರಮ ಯಾಕೆ ಸಾಲದು ಎಂಬುದಕ್ಕೂ ಉತ್ತರ ಇರಬೇಕು.

ಹೊರಗೆ ಕೂಗುತ್ತಿರುವವರಿಗೆ ಅಲ್ಲಿಯವರೆಗೆ ಕಂಪನಿ ಏನು ಹೇಳಬೇಕು? ಇದು ನೌಕರರ ಸ್ವಂತ ಅಭಿಪ್ರಾಯ, ನಮ್ಮದಲ್ಲ, ಅವರು ಕೆಲಸದ ಹೊರಗೆ ಏನು ಹೇಳುತ್ತಾರೆ ಎಂಬುದನ್ನು ನಾವು ತೀರ್ಮಾನಿಸುವುದಿಲ್ಲ. ಇಷ್ಟು ಹೇಳಿದರೆ ಸಾಕು. ಇದನ್ನು ಒಂದು ಕಂಪನಿ ಮಾತ್ರ ಹೇಳಿದರೆ ಅದಕ್ಕೆ ಪೆಟ್ಟು ಬೀಳಬಹುದು. ಕಾನೂನೇ ಹಾಗೆ ಹೇಳಿಸಿದರೆ, ತೆಗೆಯಿರಿ ಎಂದು ಒತ್ತಾಯಿಸುವವರಿಗೆ ನಮ್ಮ ಕೈಯಲ್ಲಿ ಇಲ್ಲ ಎಂದು ತೋರಿಸಲು ಕಂಪನಿಗೂ ಒಂದು ಆಸರೆ ಸಿಗುತ್ತದೆ.